ಬಿರುಗಾಳಿಯ ಬಯಲಿನಲ್ಲಿ

ಅಮೇರಿಕಾ ಸಂಯುಕ್ತ ಸಂಸ್ಥಾನದ ನಕಾಶೆಯ ನಟ್ಟನಡುವೆ ಕಾನ್ಸಾಸ್ ರಾಜ್ಯವಿದೆ. ಅದಕ್ಕೆ ಹೊಂದಿಕೊಂಡು ದಕ್ಷಿಣದಲ್ಲಿ, ಹಿಡಿಕೆಯುಳ್ಳ ಬಾಣಲೆಯ ಆಕಾರದಲ್ಲಿ, ಓಕ್ಲಹೋಮ ರಾಜ್ಯ ಹರಡಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ನೆಲದಿಂದ ಎಬ್ಬಿಸಲ್ಪಟ್ಟು ಇಲ್ಲಿಗೆ ಅಟ್ಟಲ್ಪಟ್ಟ ಚಾಕ್ಟಾ ಜನರ ಭಾಷೆಯಲ್ಲಿ ಈ ಹೆಸರಿಗೆ ‘ಕೆಂಪು ಜನ’ ಎಂದು ಅರ್ಥ. ನೆಲವೂ ಕೆಂಪೇ. ನಮ್ಮ ನಾಡಿನಿಂದ ಅಮೇರಿಕೆಗೆ ಹೋಗುವವರು ನ್ಯೂಯಾರ್ಕಿನ ಮುಗಿಲು ಮುಟ್ಟುವ ಕಟ್ಟಡಗಳನ್ನೂ ನಯಾಗರಾ ಜಲಪಾತವನ್ನೂ ನೋಡಿ ಹಿಂದಿರುಗುವುದು ರೂಢಿ. ಓಕ್ಲಹೋಮವನ್ನು ನೋಡಲೆಂದೇ ಹೋಗುವವರು ವಿರಳ. ಅದರ ಮಧ್ಯ ಮತ್ತು ಪಶ್ಚಿಮ ಭಾಗಗಳಲ್ಲಿ ಕಣ್ಣಿಗೆ ತಡೆಯಾಗುವಂತಹ ಗುಡ್ಡವಿಲ್ಲ, ದಟ್ಟವಾದ ಅಡವಿಯಿಲ್ಲ. ಗೋಧಿಯ ಹೊಲ, ದನಗಳ ಹುಲ್ಲುಗಾವಲು, ಎಣ್ಣೆ ಎತ್ತುವ ಯಂತ್ರ, ಮತ್ತೆ ಗೋಧಿಯ ಹೊಲ.

ಆದಾಗ್ಯೂ ವರ್ಷಂಪ್ರತಿ ಏಪ್ರಿಲ್‌ನಿಂದ ಜೂನ್‌ವರೆಗೆ ಜಗತ್ತಿನ ನಾನಾ ದಿಕ್ಕುಗಳಿಂದ ಜನರು ಕ್ಯಾಮೆರಾ ಹೊತ್ತುಕೊಂಡು ಈ ಬಯಲಿಗೆ ಬರುತ್ತಾರೆ. ಅವರ ದೃಷ್ಟಿ ಆಕಾಶದ ಮೇಲೆ. ಟೊರ್ನ್ಯಾಡೊ ಎಂದು ಅಲ್ಲಿಯವರು ಕರೆಯುವ ಘೋರ ಸುಂಟರಗಾಳಿ, ಕೋಸುಗಡ್ಡೆಯಂತೆ ಉಬ್ಬಿ ಹದಿನೈದು ಕಿಲೋಮೀಟರ್ ಎತ್ತರಕ್ಕೆ ಏರುವ ಮೋಡ, ದಿಗಂತದ ಈ ತುದಿಯಿಂದ ಆ ತುದಿಗೆ ಕವಲೊಡೆಯುವ ಮಿಂಚು, ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು, ಇವುಗಳ ಛಾಯಾಚಿತ್ರ ತೆಗೆಯುವುದು ಅವರ ವ್ರತ. ಸಾಮಾನ್ಯ ಜನರು ಯಾವುದನ್ನು ಕಂಡು ಓಡಿ ಬಾಗಿಲು ಮುಚ್ಚಿಕೊಳ್ಳುವರೋ ಅದನ್ನೇ ಇವರು ನೂರಾರು ಮೈಲಿ ಬೆನ್ನಟ್ಟಿ ಹೋಗುತ್ತಾರೆ.

೨೦೨೪ರ ಮೇ ತಿಂಗಳ ಕೊನೆಯಲ್ಲಿ ನಾವು ಆ ಬಯಲಿನಲ್ಲಿ ಹತ್ತು ದಿನ ಇರುವ ಸಂದರ್ಭವೊದಗಿತು. ಬೇರೊಂದು ನಗರದಲ್ಲಿ ಉಪನ್ಯಾಸ ಮುಗಿಸಿಕೊಂಡ ನಮ್ಮನ್ನು ಗದಗ ಸೀಮೆಯ ಒಂದು ಮನೆತನದವರು ಪ್ರೀತಿಯಿಂದ ಕರೆದೊಯ್ದರು. ಮನೆಯ ಯಜಮಾನ ಮೂವತ್ತೈದರ ತರುಣ, ಗಣಕಯಂತ್ರದ ಕೆಲಸದಲ್ಲಿರುವವನು. ನಾವು ಊರಿನಿಂದ ಹೊರಡುವ ಮುನ್ನ ಅವನ ತಾಯಿ ನಮ್ಮ ಬಳಿಗೆ ಬಂದು ಒಂದು ಹೊಣೆ ಹೊರಿಸಿದ್ದರು. “ನಮ್ಮ ಹುಡುಗ ಅಲ್ಲಿ ಗಾಳಿ ಬೆನ್ನು ಹತ್ತಿ ಅಡ್ಯಾಡತಾನಂತ, ಫೋಟೋ ತಗೀಲಿಕ್ಕೆ. ಎರಡು ಮಕ್ಕಳ ತಂದಿ ಅವ. ನಿಮ್ಮ ಮಾತು ತಗದು ಹಾಕೂದಿಲ್ಲ, ಬಿಡಸಿ ಬರ್ರಿ” ಎಂಬುದು ಆ ತಾಯಿಯ ಮಾತು. ಈ ಪ್ರವಾಸದಲ್ಲಿ ನಾವು ನೋಡಿದ್ದನ್ನೆಲ್ಲ ಆ ಮಾತನ್ನು ಮಡಿಲಲ್ಲಿ ಕಟ್ಟಿಕೊಂಡೇ ನೋಡಿದೆವು.

ಅವರ ಮನೆಯಿರುವುದು ಓಕ್ಲಹೋಮ ನಗರದ ದಕ್ಷಿಣದ ಬಡಾವಣೆಯಲ್ಲಿ. ಮೋಟಾರು ನಿಲ್ಲಿಸುವ ಕೋಣೆಯ ನೆಲದಲ್ಲಿ ಒಂದು ಕಬ್ಬಿಣದ ಮುಚ್ಚಳವಿದೆ. ಅದನ್ನು ಸರಿಸಿದರೆ ಆರು ಜನ ಮೊಣಕಾಲು ಮಡಿಸಿ ಕೂಡಬಹುದಾದ ನೆಲಮಾಳಿಗೆ. ನಮ್ಮ ಕಡೆಯ ಹಗೇವನ್ನು ನೆನಪಿಗೆ ತರುವಂತಹದು. ನಮ್ಮ ಹಗೇವಿನಲ್ಲಿ ಜೋಳ ತುಂಬುತ್ತಿದ್ದರು, ಇಲ್ಲಿ ಮನುಷ್ಯರು ತುಂಬಿಕೊಳ್ಳುತ್ತಾರೆ ಎಂದಾಗ ಮಕ್ಕಳು ನಕ್ಕವು. ಶನಿವಾರ ಮಧ್ಯಾಹ್ನ ಪ್ರಸಾದಕ್ಕೆ ಕುಳಿತ ಹೊತ್ತಿಗೆ ಊರಿನ ಸೈರನ್‌ಗಳೆಲ್ಲ ಒಮ್ಮೆಲೆ ಮೊಳಗಿದವು. ನಮ್ಮ ಕೈ ತುತ್ತಿನೊಡನೆ ನಡುವೆಯೇ ನಿಂತಿತು. ಐದು ವರ್ಷದ ಕೂಸು ತಲೆಯೆತ್ತದೆ, “ಹನ್ನೆರಡು ಗಂಟೆ ಆಯ್ತು, ಅಷ್ಟೇ” ಎಂದಿತು. ಪ್ರತಿ ಶನಿವಾರ ನಡು ಮಧ್ಯಾಹ್ನ ಸೈರನ್‌ಗಳನ್ನು ಪರೀಕ್ಷಿಸುವುದು ಅಲ್ಲಿಯ ಪದ್ಧತಿಯಂತೆ.

ಈ ಎಚ್ಚರಿಕೆಗೆ ಕಾರಣವಿದೆ. ಇದೇ ಪರಿಸರದ ಮೂರ್ ಎಂಬ ಪಟ್ಟಣದ ಮೇಲೆ ೧೯೯೯ರ ಮೇ ೩ರಂದು ಹಾಯ್ದ ಸುಂಟರಗಾಳಿಯಲ್ಲಿ ೩೬ ಜನ ಮಡಿದರು. ಸಂಚಾರಿ ರಾಡಾರ್ ಅಂದು ಅಳೆದ ಗಾಳಿಯ ವೇಗ ಗಂಟೆಗೆ ಸುಮಾರು ೪೮೦ ಕಿಲೋಮೀಟರ್. ಅದೇ ಊರಿನ ಮೇಲೆ ೨೦೧೩ರ ಮೇ ೨೦ರಂದು ಮತ್ತೊಂದು ಸುಂಟರಗಾಳಿ ಎರಗಿ ೨೪ ಜನರನ್ನು ಒಯ್ದಿತು; ಅವರಲ್ಲಿ ಏಳು ಮಕ್ಕಳು ಒಂದೇ ಶಾಲೆಯವರು. ಆ ಬೀದಿಗಳಲ್ಲಿ ಈಗ ಮನೆಗಳೆಲ್ಲ ಹೊಸವು, ಮರಗಳೆಲ್ಲ ಎಳೆಯವು. ಊರು ನೋಡಿದರೆ ನಿನ್ನೆ ಕಟ್ಟಿದಂತಿದೆ.

ಇಂತಹ ಗಾಳಿ ಈ ಬಯಲಿನಲ್ಲೇ ಏಕೆ ಹುಟ್ಟಬೇಕು? ನಮ್ಮ ಎರೆಹೊಲಗಳಲ್ಲಿ ಬೇಸಿಗೆಯ ಮಧ್ಯಾಹ್ನ ಧೂಳನ್ನೂ ರವದಿಯನ್ನೂ ಎತ್ತಿಕೊಂಡು ತಿರುಗುವ ಸುಳಿಗಾಳಿಯನ್ನು ಬಲ್ಲವರು ಇದನ್ನು ಅದರ ಹಿರಿಯಣ್ಣನೆಂದು ತಿಳಿಯಬಾರದು. ಸುಳಿಗಾಳಿಗೆ ತಾಯಿ ಕಾದ ನೆಲ. ಅದಕ್ಕೆ ಮೋಡ ಬೇಡ. ಸುಂಟರಗಾಳಿ ಬೆಳೆಯುವುದು ದೊಡ್ಡ ಗುಡುಗುಮೋಡದ ಒಡಲಿನ ಸಂಗಡ. ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ತೇವ ತುಂಬಿದ ಬೆಚ್ಚನೆಯ ಗಾಳಿ ನೆಲಕ್ಕೆ ಹತ್ತಿಕೊಂಡು ಬರುತ್ತದೆ. ಪಶ್ಚಿಮದ ಒಣ ಪ್ರಸ್ಥಭೂಮಿಯಿಂದ ಬಂದ ಬಿಸಿ ಗಾಳಿ ಅದರ ಮೇಲೆ ಮುಚ್ಚಳದಂತೆ ಕೂಡುತ್ತದೆ. ದಿನವೆಲ್ಲ ಬಿಸಿಲು ಕಾಯಿಸಿ, ಸಂಜೆಯ ಮುಂದೆ ಎಲ್ಲೋ ಒಂದು ಕಡೆ ಮುಚ್ಚಳ ಒಡೆದರೆ ಕೆಳಗಿನ ಗಾಳಿ ಕುದಿಯುವ ಹಾಲಿನಂತೆ ಒಮ್ಮೆಗೇ ಉಕ್ಕಿ ಮೇಲೇರುತ್ತದೆ. ಇಷ್ಟೇ ಆಗಿದ್ದರೆ ಒಂದು ಜೋರಾದ ಮಳೆ ಬಂದು ಹೋಗುತ್ತಿತ್ತು. ಆದರೆ ಅಲ್ಲಿ ನೆಲದ ಗಾಳಿ ಒಂದು ದಿಕ್ಕಿಗೆ ಮೆಲ್ಲಗೆ, ಮೇಲಿನ ಗಾಳಿ ಇನ್ನೊಂದು ದಿಕ್ಕಿಗೆ ಅತಿ ವೇಗವಾಗಿ ಬೀಸುವುದರಿಂದ ನಡುವಿನ ಗಾಳಿ ಎರಡು ಅಂಗೈಗಳ ನಡುವೆ ಹೊಸೆದ ಬತ್ತಿಯಂತೆ ಅಡ್ಡಲಾಗಿ ಸುತ್ತುತ್ತದೆ. ಮೇಲೇರುವ ಪ್ರವಾಹ ಈ ಬತ್ತಿಯನ್ನು ನಿಲ್ಲಿಸಿಬಿಟ್ಟರೆ ಇಡಿಯ ಮೋಡವೇ ತಿರುಗತೊಡಗುತ್ತದೆ. ಹೀಗೆ ತಿರುಗುವ ಮೋಡಕ್ಕೆ ಸೂಪರ್‌ಸೆಲ್ ಎಂದು ಹೆಸರು. ಇವುಗಳಲ್ಲಿ ಕೆಲವು ಮಾತ್ರ ಸುಂಟರಗಾಳಿಯನ್ನು ಹಡೆಯುತ್ತವೆ. ಯಾವುದು ಹಡೆದೀತು, ಯಾವುದು ಬರಿದೇ ಗುಡುಗಿ ಹೋದೀತು ಎಂಬುದನ್ನು ಖಚಿತವಾಗಿ ಮುಂಚಿತ ಹೇಳುವುದು ಇಂದಿಗೂ ಶಕ್ಯವಾಗಿಲ್ಲ.

ಛಾಯಾಚಿತ್ರಕಾರರಿಗೆ ಈ ಬಯಲು ಪ್ರಿಯವಾಗಲು ಬೇರೆ ಕಾರಣವೂ ಇದೆ. ಮರಗುಡ್ಡಗಳ ಅಡ್ಡಿಯಿಲ್ಲದೆ ಐವತ್ತು ಅರವತ್ತು ಕಿಲೋಮೀಟರ್ ದೂರದ ಮೋಡ ಬುಡದಿಂದ ತುದಿಯವರೆಗೆ ಕಾಣುತ್ತದೆ. ಹೊಲಗಳನ್ನು ಹಿಂದೆ ಮೈಲಿಗೊಂದು ಚೌಕವಾಗಿ ಅಳೆದುದರಿಂದ ಮೈಲಿಗೊಂದು ರಸ್ತೆ ನೇರವಾಗಿ ಪೂರ್ವ ಪಶ್ಚಿಮಕ್ಕೂ ಉತ್ತರ ದಕ್ಷಿಣಕ್ಕೂ ಪಗಡೆಯ ಹಾಸಿನಂತೆ ಹಾಯ್ದಿದೆ. ಸೂಪರ್‌ಸೆಲ್‌ಗಳು ಬಹುಮಟ್ಟಿಗೆ ಈಶಾನ್ಯದ ಕಡೆಗೆ ಸರಿಯುವುದರಿಂದ ಅವುಗಳ ಆಗ್ನೇಯಕ್ಕೆ ನಿಂತು, ದಕ್ಷಿಣಕ್ಕೆ ಓಡಲು ಒಂದು ದಾರಿ ಇಟ್ಟುಕೊಳ್ಳುವುದು ಈ ವಿದ್ಯೆಯ ಮೊದಲ ಪಾಠ. ಅಲ್ಲಿಂದ ನೋಡಿದರೆ ಮಳೆಯ ಪರದೆ ಬಲಗಡೆಗೆ ಉಳಿದು, ಮೋಡದ ಮಳೆಯಿಲ್ಲದ ಬುಡ ಎದುರಿಗೆ ತೆರೆದಿರುತ್ತದೆ. ಇಳಿಹೊತ್ತಿನ ಸೂರ್ಯನ ಬೆಳಕು ಮೋಡದ ಅಡಿಯಿಂದ ಹಾಯ್ದು ಬರುತ್ತದೆ.

ಈ ಹವ್ಯಾಸಕ್ಕೆ ಉದ್ದವಾದ ಪರಂಪರೆಯೇ ಇದೆ. ಸುಂಟರಗಾಳಿಯ ಅತ್ಯಂತ ಹಳೆಯ ಛಾಯಾಚಿತ್ರವೆಂದು ಪರಿಗಣಿತವಾಗಿರುವುದು ೧೮೮೪ರ ಏಪ್ರಿಲ್ ೨೬ರಂದು ಕಾನ್ಸಾಸಿನ ಗಾರ್ನೆಟ್ ಎಂಬ ಊರಿನಲ್ಲಿ ಎ. ಎ. ಆಡಮ್ಸ್ ಎಂಬಾತ ತೆಗೆದುದು. ಗಾಜಿನ ಫಲಕಗಳ, ಪೆಟ್ಟಿಗೆಯ ಕ್ಯಾಮೆರಾದ ಆ ಕಾಲದಲ್ಲಿ ಆತ ಅದೆಷ್ಟು ತಾಳ್ಮೆಯಿಂದ ಗಾಳಿಯ ಎದುರು ನಿಂತಿದ್ದಿರಬೇಕು! ೧೯೫೬ರಲ್ಲಿ ಉತ್ತರ ಡಕೋಟದ ಡೇವಿಡ್ ಹೋಡ್ಲಿ ಎಂಬ ತರುಣ ಇದನ್ನು ಜೀವನದ ಹವ್ಯಾಸವಾಗಿ ಕೈಗೊಂಡ. ೧೯೭೭ರಲ್ಲಿ ಇಂತಹವರಿಗಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದ.

ಈ ಚಿತ್ರಗಳಿಂದ ಲೋಕಕ್ಕೆ ಏನು ಪ್ರಯೋಜನವಾಯಿತು ಎಂದು ಕೇಳುವವರು ಟೆಟ್ಸುಯಾ ಫುಜಿಟ ಅವರ ಕೆಲಸವನ್ನು ನೋಡಬೇಕು. ಜಪಾನಿನಲ್ಲಿ ಹುಟ್ಟಿ, ಅಣುಬಾಂಬಿನಿಂದ ಸುಟ್ಟ ನಗರಗಳ ನೆಲವನ್ನು ಪರಿಶೀಲಿಸಿದ್ದ ಈ ವಿದ್ವಾಂಸರು ಮುಂದೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. ೧೯೫೭ರ ಜೂನ್ ೨೦ರಂದು ಫಾರ್ಗೋ ನಗರಕ್ಕೆ ಸುಂಟರಗಾಳಿ ಬಡಿದಾಗ ಊರಿನ ಸಾಮಾನ್ಯ ಜನ ತಮ್ಮ ತಮ್ಮ ಅಂಗಳದಿಂದ ತೆಗೆದ ನೂರಕ್ಕೂ ಹೆಚ್ಚು ಚಿತ್ರಗಳನ್ನು ಅವರು ಒಟ್ಟುಗೂಡಿಸಿದರು. ಪ್ರತಿಯೊಂದು ಚಿತ್ರವನ್ನೂ ಯಾವ ಜಾಗದಿಂದ, ಯಾವ ನಿಮಿಷದಲ್ಲಿ ತೆಗೆದದ್ದೆಂದು ಗೊತ್ತುಮಾಡಿ, ಅಳೆದು, ಮೋಡದ ಯಾವ ಭಾಗ ಇಳಿಯಿತು, ಯಾವುದು ತಿರುಗಿತು ಎಂಬುದನ್ನು ಹಂತಹಂತವಾಗಿ ಬರೆದರು. ಮೋಡದ ಅಂಗಾಂಗಗಳಿಗೆ ಇಂದು ಬಳಕೆಯಲ್ಲಿರುವ ಕೆಲವು ಹೆಸರುಗಳು ಆ ಅಧ್ಯಯನದಲ್ಲಿ ಹುಟ್ಟಿದವು. ಹಾನಿಯನ್ನು ನೋಡಿ ಸುಂಟರಗಾಳಿಯ ಬಲವನ್ನು ಎಣಿಸುವ ಮಾನಕ್ಕೆ, ೧೯೭೧ರಿಂದ, ಅವರದೇ ಹೆಸರು. ನಾರ್ಮನ್ ಪಟ್ಟಣದಲ್ಲಿ ೧೯೬೪ರಲ್ಲಿ ಆರಂಭವಾದ ರಾಷ್ಟ್ರೀಯ ಬಿರುಗಾಳಿ ಪ್ರಯೋಗಾಲಯದವರು ೧೯೭೩ರ ಮೇ ೨೪ರಂದು ಯೂನಿಯನ್ ಸಿಟಿ ಎಂಬಲ್ಲಿ ಒಂದು ಸುಂಟರಗಾಳಿಯನ್ನು ಹುಟ್ಟಿನಿಂದ ಸಾವಿನವರೆಗೆ ಚಿತ್ರೀಕರಿಸಿದರು. ಅದೇ ಹೊತ್ತಿಗೆ ಅವರ ಡಾಪ್ಲರ್ ರಾಡಾರ್ ಆ ಮೋಡದೊಳಗಿನ ತಿರುಗಾಟವನ್ನು ದಾಖಲಿಸಿತ್ತು. ಚಿತ್ರವನ್ನೂ ರಾಡಾರಿನ ಅಂಕಿಗಳನ್ನೂ ಹೊಂದಿಸಿ ನೋಡಿದಾಗ, ಗಾಳಿ ನೆಲ ಮುಟ್ಟುವ ಮೊದಲೇ ರಾಡಾರಿಗೆ ಅದರ ಸುಳಿವು ಸಿಗುತ್ತದೆಂಬುದು ತಿಳಿಯಿತು. ಇಂದು ಓಕ್ಲಹೋಮದ ಗೃಹಿಣಿ ಮಕ್ಕಳನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿಯಲು ಹತ್ತು ಹದಿನೈದು ನಿಮಿಷ ಅವಕಾಶ ದೊರೆಯುವುದರ ಹಿಂದೆ ಈ ಜೋಡಣೆಯಿದೆ.

ಚಿತ್ರದಿಂದ ಕೇಡಾದ ಕಥೆಯೂ ಇದೆ, ಅದನ್ನೂ ಹೇಳಬೇಕು. ೧೯೯೧ರ ಏಪ್ರಿಲ್ ೨೬ರಂದು ಕಾನ್ಸಾಸಿನ ಎಲ್ ಡೊರಾಡೋ ಬಳಿಯ ಹೆದ್ದಾರಿಯಲ್ಲಿ ಒಂದು ದೂರದರ್ಶನ ತಂಡ ಸುಂಟರಗಾಳಿಗೆ ಸಿಕ್ಕಿ, ಅಲ್ಲಿದ್ದ ಕೆಲವರೊಡನೆ ಮೇಲ್ಸೇತುವೆಯ ಕೆಳಗಿನ ಸಂದಿಯಲ್ಲಿ ಅವಿತುಕೊಂಡು, ಕ್ಯಾಮೆರಾವನ್ನು ನಿಲ್ಲಿಸದೆ ಚಿತ್ರ ತೆಗೆಯಿತು. ಎಲ್ಲರೂ ಬದುಕಿಕೊಂಡರು. ಆ ಚಿತ್ರವನ್ನು ಲೋಕವೆಲ್ಲ ನೋಡಿತು. ಸೇತುವೆಯ ಕೆಳಗೆ ಹೊಕ್ಕರೆ ಕ್ಷೇಮ ಎಂಬ ನಂಬಿಕೆ ಮನೆಮನೆಗೆ ಹಬ್ಬಿತು. ವಾಸ್ತವದಲ್ಲಿ ಅಂದಿನ ಗಾಳಿ ಬಲಹೀನವಾಗಿತ್ತು. ಸೇತುವೆಯ ಕೆಳಗಿನ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುವುದೇ ಹೊರತು ಕಡಿಮೆಯಾಗದು. ಹಾರಿಬರುವ ತಗಡು, ಮರದ ತುಂಡುಗಳು ಅಲ್ಲಿಗೇ ನುಗ್ಗುತ್ತವೆ. ಎಂಟು ವರ್ಷಗಳ ನಂತರ, ೧೯೯೯ರ ಮೇ ೩ರಂದು, ಓಕ್ಲಹೋಮದಲ್ಲಿ ಮೂರು ಬೇರೆ ಬೇರೆ ಸೇತುವೆಗಳ ಕೆಳಗೆ ಆಶ್ರಯ ಪಡೆದವರಲ್ಲಿ ಮೂವರು ಸತ್ತರು, ಅನೇಕರು ಅಂಗಹೀನರಾದರು. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನೇ ತೋರಿಸಿತ್ತು. ನೋಡಿದವರು ಅದರಿಂದ ತೆಗೆದ ತಾತ್ಪರ್ಯ ಪ್ರಾಣಘಾತಕವಾಯಿತು. ಶಾಸ್ತ್ರಪಾಠ ಮಾಡುವ ನಮ್ಮಂತಹವರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಆ ತರುಣನೇ ನಮ್ಮನ್ನು ಎಲ್ ರೀನೋ ಎಂಬ ಊರಿಗೆ ಕರೆದೊಯ್ದನು. ಓಕ್ಲಹೋಮ ನಗರದಿಂದ ಪಶ್ಚಿಮಕ್ಕೆ ಸುಮಾರು ನಲವತ್ತೈದು ಕಿಲೋಮೀಟರ್. ಪಟ್ಟಣವನ್ನು ದಾಟಿ ಆಗ್ನೇಯದ ಹೊಲಗಳ ನಡುವೆ ಇಳಿದರೆ ರಸ್ತೆಗೆ ಡಾಂಬರಿಲ್ಲ. ಕೆಂಪು ಮಣ್ಣು, ಗರಸು. ಮಳೆ ಬಿದ್ದರೆ ಗಾಲಿ ನಿಲ್ಲದು ಎಂದು ಅವನು ಹೇಳಿದನು. ನಮ್ಮ ಎರೆಮಣ್ಣಿನ ಹೊಲದ ದಾರಿಗಳಲ್ಲಿ ಚಕ್ಕಡಿ ಹೂತುಕೊಂಡದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂತಹದೊಂದು ದಾರಿಯ ಅಂಚಿನಲ್ಲಿ ಟಿಮ್ ಸಮಾರಸ್, ಅವರ ಮಗ ಪಾಲ್ ಸಮಾರಸ್ ಮತ್ತು ಗೆಳೆಯ ಕಾರ್ಲ್ ಯಂಗ್ ಅವರ ನೆನಪಿಗೆ ನಿಲ್ಲಿಸಿದ ಸ್ಮಾರಕವಿದೆ. ಸುತ್ತ ಗೋಧಿ ಹಣ್ಣಾಗಿ ನಿಂತಿತ್ತು. ಗಾಳಿ ಹಿತವಾಗಿತ್ತು.

ಸಮಾರಸ್ ಕೊಲರಾಡೋ ರಾಜ್ಯದವರು, ಸ್ವಂತ ಕಲಿಕೆಯಿಂದ ತಂತ್ರಜ್ಞರಾದವರು. ಚಪಲಕ್ಕಾಗಿ ಗಾಳಿಯ ಬೆನ್ನು ಹತ್ತಿದವರಲ್ಲ. ಸುಂಟರಗಾಳಿಯ ಬುಡದಲ್ಲಿ, ನೆಲಕ್ಕೆ ಹತ್ತಿದ ಜಾಗದಲ್ಲಿ ಏನು ನಡೆಯುತ್ತದೆಂಬುದನ್ನು ಅಳೆಯುವವರೇ ಇರಲಿಲ್ಲ. ಅಲ್ಲಿ ಯಾವ ಉಪಕರಣವೂ ಉಳಿಯುತ್ತಿರಲಿಲ್ಲ. ಅವರು ಆಮೆಯ ಚಿಪ್ಪಿನಂತೆ ನೆಲಕ್ಕೆ ಅಂಟಿ ಕೂಡುವ ಒಂದು ಗಟ್ಟಿ ಉಪಕರಣವನ್ನು ರಚಿಸಿ, ಗಾಳಿ ಬರುವ ದಾರಿಯಲ್ಲಿ ಇಟ್ಟು, ತಾವು ಸರಿದು ನಿಲ್ಲುತ್ತಿದ್ದರು. ೨೦೦೩ರ ಜೂನ್ ೨೪ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಎಂಬ ಹಳ್ಳಿಯನ್ನು ಅಳಿಸಿಹಾಕಿದ ಸುಂಟರಗಾಳಿ ಅವರ ಉಪಕರಣದ ಮೇಲೆಯೇ ಹಾಯ್ದಿತು. ವಾಯುವಿನ ಒತ್ತಡ ೧೦೦ ಮಿಲಿಬಾರ್‌ನಷ್ಟು ಕುಸಿದುದು ಅದರಲ್ಲಿ ದಾಖಲಾಯಿತು. ಅದಕ್ಕೆ ಮೊದಲು ಅಂತಹ ಕುಸಿತವನ್ನು ಯಾರೂ ಅಳೆದಿರಲಿಲ್ಲ. ಮುಂದಿನ ವರ್ಷ ಕ್ಯಾಮೆರಾಗಳನ್ನು ಅಳವಡಿಸಿದ ಇನ್ನೊಂದು ಉಪಕರಣದಿಂದ ಸುಂಟರಗಾಳಿಯ ಒಳಗಿನ ಚಿತ್ರವನ್ನೂ ಪಡೆದರು. ಎಚ್ಚರಿಕೆ ಇನ್ನಷ್ಟು ಮುಂಚೆ, ಇನ್ನಷ್ಟು ಖಚಿತವಾಗಿ ದೊರೆಯಬೇಕೆಂಬುದು ಅವರ ಉದ್ದೇಶವಾಗಿತ್ತು. ಈ ವೃತ್ತಿಯಲ್ಲಿ ಅತ್ಯಂತ ಜಾಗರೂಕರೆಂದು ಹೆಸರು ಪಡೆದವರೂ ಅವರೇ.

೨೦೧೩ರ ಮೇ ೩೧. ಮೂರ್ ಪಟ್ಟಣ ನೆಲಸಮವಾಗಿ ಕೇವಲ ಹನ್ನೊಂದು ದಿನ. ಸಂಜೆ ಆರು ಗಂಟೆ ದಾಟಿ ಮೂರು ನಿಮಿಷಕ್ಕೆ ಎಲ್ ರೀನೋದ ನೈರುತ್ಯದಲ್ಲಿ ಸುಂಟರಗಾಳಿ ನೆಲ ಮುಟ್ಟಿತು. ಈಶಾನ್ಯಕ್ಕೆ ಹೋಗಬೇಕಾದುದು ಆಗ್ನೇಯಕ್ಕೆ ಹೊರಟಿತು. ಎಂದರೆ, ಪಾಠದ ಪ್ರಕಾರ ಕ್ಷೇಮವೆನಿಸಿದ ಜಾಗದತ್ತಲೇ ನಡೆಯಿತು. ಆಮೇಲೆ ಪೂರ್ವಕ್ಕೆ, ಅನಂತರ ಒಮ್ಮೆಲೆ ಈಶಾನ್ಯಕ್ಕೆ ತಿರುಗಿತು, ವೇಗ ಹೆಚ್ಚಿಸಿತು. ಅದರ ಅಗಲ ನೋಡನೋಡುತ್ತ ಬೆಳೆದು ೪.೨ ಕಿಲೋಮೀಟರ್ ಆಯಿತು. ಇದುವರೆಗೆ ಅಳೆದ ಸುಂಟರಗಾಳಿಗಳಲ್ಲಿ ಇದಕ್ಕಿಂತ ಅಗಲವಾದುದಿಲ್ಲ. ನಮ್ಮ ಕಡೆ ಒಂದು ಊರ ಅಗಸಿಯಿಂದ ಮುಂದಿನ ಊರ ಅಗಸಿಯವರೆಗಿನ ಅಂತರವನ್ನು ಊಹಿಸಿಕೊಂಡರೆ ಸಾಕು. ಸಾಲದ್ದಕ್ಕೆ ಅದು ಮಳೆಯ ಪರದೆಯೊಳಗೆ ಅಡಗಿತ್ತು. ಒಳಗೆ ಹಲವು ಮರಿಸುಳಿಗಳು ತಾವೇ ಬೇರೆ ವೇಗದಲ್ಲಿ ಸುತ್ತುತ್ತಿದ್ದವು. ಮೂವರೂ ಒಂದು ಸಣ್ಣ ಕಾರಿನಲ್ಲಿ ಪೂರ್ವಾಭಿಮುಖವಾಗಿ ಸಾಗುತ್ತಿದ್ದರು. ೬ ಗಂಟೆ ೨೩ ನಿಮಿಷದ ಸುಮಾರಿಗೆ ಅವುಗಳಲ್ಲೊಂದು ಸುಳಿ ಅವರನ್ನು ಮುಟ್ಟಿತು. ಟಿಮ್ ಅವರಿಗೆ ೫೫ ವರ್ಷ, ಕಾರ್ಲ್ ಅವರಿಗೆ ೪೫, ಪಾಲ್‌ಗೆ ೨೪. ಚಿತ್ರೀಕರಣ ಮಗನ ಕೆಲಸವಾಗಿತ್ತು. ಬೆನ್ನಟ್ಟುವವರು ನೇರವಾಗಿ ಸುಂಟರಗಾಳಿಗೇ ಬಲಿಯಾದದ್ದು ತಿಳಿದಮಟ್ಟಿಗೆ ಅದೇ ಮೊದಲು.

ಆ ಗಾಳಿಯಲ್ಲಿ ಸತ್ತವರು ಎಂಟು ಜನ, ಎಲ್ಲರೂ ವಾಹನಗಳಲ್ಲಿದ್ದವರು. ಅವರಲ್ಲಿ ಒಬ್ಬಾತ ಸ್ಥಳೀಯ ಹವ್ಯಾಸಿ. ಸಾಯುವ ಕೆಲವೇ ನಿಮಿಷ ಮುಂಚೆ ತನ್ನ ಮೊಬೈಲಿನಲ್ಲಿ ಗಾಳಿಯ ಚಿತ್ರ ತೆಗೆದು ಗೆಳೆಯನಿಗೆ ಕಳುಹಿಸಿದ್ದ. ಅಂದು ಆ ಚೌಕದ ದಾರಿಗಳಲ್ಲಿ ಬೆನ್ನಟ್ಟುವವರ ಕಾರುಗಳು ಕಿಕ್ಕಿರಿದಿದ್ದವು. ಹೆದ್ದಾರಿಗಳಲ್ಲಿ ಮೂರ್‌ನ ಭೀತಿ ಮಾಸದ ಜನ ಮನೆ ಬಿಟ್ಟು ದಕ್ಷಿಣಕ್ಕೆ ಹೊರಟು ಗಾಲಿಗೆ ಗಾಲಿ ಹತ್ತಿ ನಿಂತಿದ್ದರು. ಗಾಳಿ ಆ ಸಾಲಿನ ಮೇಲೆ ಬರಲಿಲ್ಲ. ಬಂದಿದ್ದರೆ ಎಂಬುದನ್ನು ಎಣಿಸಲೂ ಭಯವಾಗುತ್ತದೆ.

ಜೂನ್ ೨ರಂದು ಇನ್ನೂರಕ್ಕೂ ಹೆಚ್ಚು ಮಂದಿ ಬೆನ್ನಟ್ಟುವವರು ಒಂದು ಕೆಲಸ ಮಾಡಿದರು. ತಾವು ಎಲ್ಲಿದ್ದೇವೆಂಬುದನ್ನು ಹವಾಮಾನ ಕಚೇರಿಗಳಿಗೆ ತಿಳಿಸಲು ಅವರಿಗೆ ಒಂದು ನಕಾಶೆಯಿದೆ. ಪ್ರತಿಯೊಬ್ಬರೂ ಅದರಲ್ಲಿ ಒಂದೊಂದು ಚುಕ್ಕೆ. ಆ ಚುಕ್ಕೆಗಳನ್ನು ಬಯಲಿನ ಉದ್ದಕ್ಕೂ ಜೋಡಿಸಿ ಮೂವರ ಹೆಸರಿನ ಮೊದಲಕ್ಷರಗಳನ್ನು ಮೂಡಿಸಿದರು. ಅದನ್ನು ನೋಡಿದ್ದನ್ನು ಹೇಳುವಾಗ ನಮ್ಮ ತರುಣನ ಧ್ವನಿ ಬದಲಾಯಿತು.

ಮುಂದೆ ಆದುದು ಇನ್ನೂ ವಿಶೇಷ. ಆಂಟನ್ ಸೈಮನ್ ಮೊದಲಾದ ಸಂಶೋಧಕರು ಅಂದಿನ ಗಾಳಿಯನ್ನು ಚಿತ್ರಿಸಿದವರೆಲ್ಲರಿಂದ ಚಿತ್ರಗಳನ್ನು ಬೇಡಿ ಪಡೆದರು. ಒಬ್ಬೊಬ್ಬರ ಗಡಿಯಾರ ಒಂದೊಂದು ಬಗೆ. ಕಾಲವನ್ನು ಹೊಂದಿಸುವುದು ಹೇಗೆ? ಆಕಾಶದ ಮಿಂಚೇ ಸಾಕ್ಷಿಯಾಯಿತು. ಒಂದೇ ಮಿಂಚು ಹತ್ತು ದಿಕ್ಕಿನ ಹತ್ತು ಕ್ಯಾಮೆರಾಗಳಲ್ಲಿ ಒಂದೇ ಕ್ಷಣಕ್ಕೆ ಬೆಳಗಿರುತ್ತದಷ್ಟೆ. ಹೀಗೆ ಹೊಂದಿಸಿದ ಚಿತ್ರಗಳನ್ನು ಓಕ್ಲಹೋಮ ವಿಶ್ವವಿದ್ಯಾಲಯದ ಸಂಚಾರಿ ರಾಡಾರಿನ ಮಾಹಿತಿಯೊಡನೆ ಇಟ್ಟು ನೋಡಿದ ಜಾನಾ ಹೌಸರ್ ಎಂಬ ವಿದುಷಿ ೨೦೧೮ರಲ್ಲಿ ತಿಳಿಸಿದ ಸಂಗತಿಯೆಂದರೆ, ಮೇಲಿನಿಂದ ಇಳಿದುಬಂತೆಂದು ಎಲ್ಲರೂ ನಂಬಿದ್ದ ಆ ಸುಳಿ ನೆಲದ ಹತ್ತಿರವೇ ಮೊದಲು ಗಟ್ಟಿಗೊಂಡಿತ್ತು. ನೆಲದ ಹತ್ತಿರದ ಗಾಳಿ ದೂರದ ರಾಡಾರಿಗೆ ಕಾಣದು. ಭೂಮಿಯ ಬಾಗಿನಿಂದಾಗಿ ಅದರ ಕಿರಣ ಮೇಲಿನಿಂದ ಹಾದುಹೋಗುತ್ತದೆ. ಆದ್ದರಿಂದಲೇ ತರಬೇತಿ ಪಡೆದ ಮನುಷ್ಯನ ಕಣ್ಣು ಇಂದಿಗೂ ಬೇಕು. ಸ್ಕೈವಾರ್ನ್ ಎಂಬ ಹೆಸರಿನ ಸ್ವಯಂಸೇವಕರ ವ್ಯವಸ್ಥೆ ಇದಕ್ಕಾಗಿಯೇ ಇದೆ. ನಮ್ಮ ತರುಣನೂ ಅದರ ಪಾಠ ಮುಗಿಸಿದ್ದಾನೆ. ಕಂಡದ್ದನ್ನು ಮೊದಲು ಕಚೇರಿಗೆ ತಿಳಿಸಿ, ಅನಂತರ ಕ್ಯಾಮೆರಾ ತೆರೆಯುತ್ತಾನೆ.

ಸ್ಮಾರಕದ ಬಳಿ ನಾವು ತಾಯಿಯ ಮಾತನ್ನು ಅವನಿಗೆ ಮುಟ್ಟಿಸಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಅವ್ವ ಗಾಳಿಗೆ ಅಂಜತಾಳ. ಗಾಳಿಗಿಂತ ದಾರಿ ಕೆಟ್ಟದ್ದು” ಎಂದನು. ಅದು ನಿಜ. ೨೦೧೭ರಲ್ಲಿ ಟೆಕ್ಸಾಸಿನ ಸ್ಪರ್ ಎಂಬ ಊರಿನ ಹತ್ತಿರದ ಕೂಡುದಾರಿಯಲ್ಲಿ ಬೆನ್ನಟ್ಟುವವರ ಎರಡು ಕಾರು ಡಿಕ್ಕಿಯಾಗಿ ಮೂವರು ಸತ್ತರು. ೨೦೨೨ರ ಏಪ್ರಿಲ್ ೨೯ರ ರಾತ್ರಿ ಕಾನ್ಸಾಸಿನಲ್ಲಿ ಸುಂಟರಗಾಳಿ ನೋಡಿ ಹಿಂದಿರುಗುತ್ತಿದ್ದ ಓಕ್ಲಹೋಮ ವಿಶ್ವವಿದ್ಯಾಲಯದ ಹವಾಮಾನಶಾಸ್ತ್ರದ ಮೂವರು ವಿದ್ಯಾರ್ಥಿಗಳು ಒದ್ದೆ ರಸ್ತೆಯಲ್ಲಿ ಕಾರು ಜಾರಿ ಲಾರಿಗೆ ಸಿಕ್ಕಿ ಹೋದರು. ಗಾಳಿ ಅವರಿಗೆ ಏನೂ ಮಾಡಿರಲಿಲ್ಲ. ದಣಿದ ಮೈ, ಕತ್ತಲೆ, ಮಳೆನೀರು, ನೋಡಿದ್ದರ ಉನ್ಮಾದ ಇಳಿಯದ ಮನಸ್ಸು, ಇವೆಲ್ಲ ಕೂಡುವ ಹೊತ್ತು ಅದು. ಬಿಟ್ಟುಬಿಡು ಎಂದು ನಾವು ಅವನಿಗೆ ಹೇಳಲಿಲ್ಲ. ಕೇಳಿದ್ದು ಎರಡು ಮಾತು: ಒಬ್ಬನೇ ಹೋಗಬೇಡ, ಕತ್ತಲಾದ ಮೇಲೆ ಅಂದೇ ಮನೆ ಸೇರುವ ಹಟ ಬೇಡ. ಅವನು ಎರಡಕ್ಕೂ ಒಪ್ಪಿದನು. ಇದರಿಂದ ತಾಯಿಗೆ ಪೂರ್ಣ ಸಮಾಧಾನವಾಗಲಾರದೆಂದು ನಮಗೆ ಗೊತ್ತಿತ್ತು.

ಹೊರಡುವ ಎರಡು ದಿನ ಮುಂಚೆ ಅವನೊಡನೆ ಪಶ್ಚಿಮದ ಬಯಲಿಗೆ ಹೋದೆವು. ಮಧ್ಯಾಹ್ನ ಮೂರರವರೆಗೆ ಆಕಾಶ ನಿರ್ಮಲ. ನಾಲ್ಕೂವರೆಗೆ ದಿಗಂತದಲ್ಲಿ ಒಂದು ಬಿಳಿಯ ಗಡ್ಡೆ ಎದ್ದಿತು. ಒಂದು ಗಂಟೆಯಲ್ಲಿ ಅದು ಅರ್ಧ ಆಕಾಶವನ್ನು ಆಕ್ರಮಿಸಿ, ನೆತ್ತಿಯಲ್ಲಿ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತು. ಬುಡ ಕಪ್ಪು ನೀಲಿ, ಅದರೊಳಗೆ ಒಂದು ಹಸಿರು ಛಾಯೆ. ಅವನು ಮೋಡದಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಡಾಂಬರು ರಸ್ತೆಯ ಕೂಡಿನಲ್ಲಿ, ಕಾರಿನ ಮುಖವನ್ನು ಹಿಂದಿರುಗುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದನು. ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು, ತಾನು ಕಾರಿನೊಳಗೆ ಕುಳಿತು, ಕೈಯಲ್ಲಿನ ಗುಂಡಿಯಿಂದ ಅದನ್ನು ನಡೆಸಿದನು. ಮಿಂಚನ್ನು ನೋಡಿ ಗುಂಡಿ ಒತ್ತಿದರೆ ಮಿಂಚು ಸಿಕ್ಕುವುದಿಲ್ಲ. ಕತ್ತಲಾಗುತ್ತ ಬಂದಂತೆ ಮಸೂರದ ಬಾಗಿಲನ್ನು ಹತ್ತು ಇಪ್ಪತ್ತು ಸೆಕೆಂಡು ತೆರೆದಿಟ್ಟು, ಆ ಅವಧಿಯಲ್ಲಿ ಅದು ಬರಲೆಂದು ಕಾಯಬೇಕು. ನೂರು ಸಲ ತೆರೆದರೆ ನಾಲ್ಕಾರು ಸಲ ಫಲ. ಸುಂಟರಗಾಳಿ ಹುಟ್ಟಲಿಲ್ಲ. ಮೋಡ ಇಡಿಯಾಗಿ, ಬಹು ಮೆಲ್ಲಗೆ, ರಾಗಿಕಲ್ಲು ತಿರುಗಿದಂತೆ ತಿರುಗಿತು. ಅಷ್ಟು ದೊಡ್ಡದಾದ ವಸ್ತು ಸದ್ದಿಲ್ಲದೆ ತಿರುಗುವುದನ್ನು ಕಂಡಾಗ ನಮಗೆ ಮಾತು ಹೊರಡಲಿಲ್ಲ. ಭಯ, ಆನಂದ ಎಂಬ ಎರಡು ಬೇರೆ ಪದಗಳು ಆ ಹೊತ್ತಿನಲ್ಲಿ ಕೂಡಿ ಒಂದಾಗಿದ್ದವು. ತರುಣರು ಇದಕ್ಕೆ ಮರುಳಾಗುವುದೇಕೆಂದು ಆಗ ತಿಳಿಯಿತು. ಮಠದಲ್ಲಿ ಬೆಳೆದು ಅರವತ್ತು ದಾಟಿದ ನಮಗೂ ಇನ್ನೊಂದು ಗಳಿಗೆ ನಿಲ್ಲಬೇಕೆನಿಸಿತು. ಅವನೇ ಗಡಿಯಾರ ನೋಡಿ ಹೊರಡಿಸಿದನು.

ಇಲ್ಲಿ ಒಂದು ಮಾತು ನಮ್ಮ ಕುಟುಂಬಗಳಿಗೆ. ಭರಣಿ ಕೃತ್ತಿಕೆ ರೋಹಿಣಿ ಮಳೆಗಳು ಗುಡುಗು ಸಿಡಿಲಿನೊಡನೆ ಬರುವ ನಮ್ಮ ನಾಡಿನಲ್ಲಿ ಈಗ ಮನೆಮನೆಗೆ ಮೊಬೈಲ್ ಇದೆ. ಮಿಂಚನ್ನು ಹಿಡಿಯಲೆಂದು ಮಾಳಿಗೆ ಏರಿ ಕೈಯೆತ್ತಿ ನಿಲ್ಲುವ ಹುಡುಗರನ್ನು ನಾವು ನಮ್ಮ ಓಣಿಯಲ್ಲೇ ಕಂಡಿದ್ದೇವೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಲೆಕ್ಕ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಸಿಡಿಲಿನ ಕೈಗೆ ಎಟಕುವಷ್ಟು ಹತ್ತಿರವಿದ್ದೇವೆಂದು ತಿಳಿದು ಕೆಳಗಿಳಿದು ಮನೆಯೊಳಗೆ ಸೇರಬೇಕು. ಕಡೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು. ಹೊಲದಲ್ಲಿದ್ದರೆ ಒಂಟಿ ಮರದ ಕೆಳಗೆ ನಿಲ್ಲುವುದು ಬೇಡ. ಲೋಹದ ಮೇಲ್ಛಾವಣಿಯುಳ್ಳ ಮುಚ್ಚಿದ ಮೋಟಾರು ಅದಕ್ಕಿಂತ ಎಷ್ಟೋ ಮೇಲು.

ಊರಿಗೆ ಮರಳಿದ ಮೇಲೆ ತಾಯಿಯವರನ್ನು ಕಂಡು ನಡೆದುದನ್ನು ಹೇಳಿದೆವು. ಮಗ ಕಳುಹಿಸಿದ ಒಂದು ದೊಡ್ಡ ಚಿತ್ರವನ್ನು, ಆ ಸಂಜೆಯದನ್ನೇ, ಅವರ ಕೈಗೆ ಕೊಟ್ಟೆವು. ಮೋಡ, ಮೋಡದೊಳಗೆ ಮೂರು ಕವಲಿನ ಮಿಂಚು, ಕೆಳಗೆ ದಿಗಂತದವರೆಗೆ ಹೊಂಬಣ್ಣದ ಹೊಲ. ಕನ್ನಡಕ ಹಾಕಿಕೊಂಡು ಅವರು ಬಹಳ ಹೊತ್ತು ನೋಡಿದರು. ಮೋಡದ ಸುದ್ದಿಯನ್ನೇ ಎತ್ತಲಿಲ್ಲ. “ಗೋದಿ ಹಣ್ಣಾಗಿ ನಿಂತೈತಿ. ಆಣೆಕ್ಕಲ್ಲು ಬಿತ್ತೇನ್ರಿ ಇದರ ಮ್ಯಾಲೆ? ಯಾರ ಹೊಲ ಇದು?” ಎಂದು ಕೇಳಿದರು.

ನಾವಾಗಲಿ ಅವನಾಗಲಿ ಅದನ್ನು ವಿಚಾರಿಸಿರಲಿಲ್ಲ. ದೂರವಾಣಿಯಲ್ಲಿ ಪ್ರಶ್ನೆಯನ್ನು ಮುಟ್ಟಿಸಿದೆವು. ಎರಡು ವಾರಗಳ ನಂತರ ಅವನ ಉತ್ತರ ಬಂದಿತು. ರಜೆಯ ದಿನ ಹೆಂಡತಿ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದನಂತೆ. ಚಿತ್ರದಲ್ಲಿ ಕಾಣುವ ಹೊಲಕ್ಕೆ ಏನೂ ಆಗಿರಲಿಲ್ಲ, ಕೊಯ್ಲು ನಡೆದಿತ್ತು. ಅದರಾಚೆಯ ಎರಡು ಚೌಕಗಳಲ್ಲಿ ಮಾತ್ರ ಆಲಿಕಲ್ಲು ತೆನೆಯನ್ನೆಲ್ಲ ನೆಲಕ್ಕೆ ಕೆಡವಿತ್ತು. ಒಡೆಯ ಎಪ್ಪತ್ತರ ವೃದ್ಧ, ಬೆಳೆಗೆ ವಿಮೆ ಮಾಡಿಸಿದ್ದ. ಅವನ ಮನೆಯ ಜಗಲಿಯಲ್ಲಿ ಕುಳಿತು ತಣ್ಣನೆಯ ಚಹಾ ಕುಡಿದು ಬಂದುದಾಗಿಯೂ, ಕೇಳಿದ್ದು ತಮ್ಮ ಅವ್ವ ಎಂದಾಗ ಆ ವೃದ್ಧ ಅವರು ಎಷ್ಟು ಎಕರೆ ಬಿತ್ತುತ್ತಾರೆಂದು ವಿಚಾರಿಸಿದುದಾಗಿಯೂ ಬರೆದಿದ್ದಾನೆ.